ಸಂಘದ ಕ್ಯಾಮೆರಾ ಕೆಟ್ಟ ವಾರ

ಅದು ೨೦೦೪ರ ಅಕ್ಟೋಬರ್. ದಸರೆ ಮುಗಿದ ಮೇಲಿನ ಮೊದಲ ಭಾನುವಾರ. ನನಗೆ ಆಗ ಇಪ್ಪತ್ತೊಂದು ವರ್ಷ. ಡೊಂಬಿವಲಿ ಪೂರ್ವದಲ್ಲಿ ನಮ್ಮ ಮನೆ. ಅಪ್ಪ ಠಾಣೆಯ ನೌಪಾಡಾದ ಒಂದು ಹೋಟೆಲಿನಲ್ಲಿ ಕ್ಯಾಷಿಯರ್, ನಾನು ವಾಶಿಯ ಒಂದು ಆಫೀಸಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ದಿನಚರಿ ಬರೆಯುವುದು ನನಗೆ ಎಂಟನೇ ತರಗತಿಯಿಂದ ಬಂದ ಅಭ್ಯಾಸ. ಹಾಗಾಗಿ ಆ ವಾರ ಯಾರು ಏನು ಹೇಳಿದರು ಎಂಬುದನ್ನು ನೆನಪಿನಿಂದ ಮಾತ್ರವಲ್ಲ, ಪುಟ ತೆರೆದು ನೋಡಿಕೊಂಡೂ ಬರೆಯುತ್ತಿದ್ದೇನೆ.

ನಮ್ಮ ಕನ್ನಡ ಸಂಘ ಚಿಕ್ಕದು. ಒಂದು ಹಳೆಯ ಸೊಸೈಟಿಯ ನೆಲಮಹಡಿಯಲ್ಲಿ ಎರಡು ಕೋಣೆ, ಒಂದು ಕಬ್ಬಿಣದ ಕಪಾಟು. ಕಪಾಟಿನಲ್ಲಿ ಮೈಕ್ ಸೆಟ್, ಚೆಂಡೆ, ಮಕ್ಕಳ ಗೆಜ್ಜೆಗಳು, ಮತ್ತೆ ಜಪಾನಿನ ಒಂದು ಫಿಲ್ಮ್ ಎಸ್‌ಎಲ್‌ಆರ್ ಕ್ಯಾಮೆರಾ. ಹೋಟೆಲು ಮಾರಿ ಉಡುಪಿಗೆ ಹೊರಟುನಿಂತಿದ್ದ ಸದಸ್ಯರೊಬ್ಬರು ಅದನ್ನು ಸಂಘಕ್ಕೆ ಕೊಟ್ಟು ಹೋಗಿದ್ದರು. ಯಾರಿಗೂ ಬಳಸಲು ಬರುತ್ತಿರಲಿಲ್ಲ. ಕಲ್ಯಾಣದ ಕಾಲೇಜಿನಲ್ಲಿ ಓದುವಾಗ ನಾನು ಫೋಟೋ ತೆಗೆಯುವುದನ್ನು ಕಲಿತಿದ್ದರಿಂದ ಅದು ನನ್ನ ಕೈಗೆ ಬಂತು. ಎರಡು ವರ್ಷದಿಂದ ಸಂಘದ ಎಲ್ಲ ಕಾರ್ಯಕ್ರಮಗಳ ಫೋಟೋ ನನ್ನವೇ. ಕಪಾಟಿನ ಒಂದು ಕೀ ಅಧ್ಯಕ್ಷರಾದ ವಿಠಲ ಶೆಟ್ಟರಲ್ಲಿ, ಇನ್ನೊಂದು ನನ್ನಲ್ಲಿ. ಆ ಕೀಯನ್ನು ನಾನು ಆಫೀಸಿಗೂ ಪರ್ಸಿನಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದೆ. ಹಾಗೆ ನಂಬಿ ಬೇರೆ ಏನನ್ನೂ ಯಾರೂ ನನ್ನ ಕೈಗೆ ಕೊಟ್ಟಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ರಾಜ್ಯೋತ್ಸವದ ಕುಣಿತಕ್ಕೆ ಮಕ್ಕಳ ಅಭ್ಯಾಸ ನಡೆಯುತ್ತಿತ್ತು. ನಾನು ಕಪಾಟು ತೆರೆದು ಕ್ಯಾಮೆರಾ ತೆಗೆದು ಕಣ್ಣಿಗೆ ಹಿಡಿದೆ. ಮಕ್ಕಳು ಒದ್ದೆ ಬಟ್ಟೆಯ ಹಿಂದೆ ಓರೆಯಾಗಿ ನಿಂತ ಹಾಗೆ ಕಂಡರು. ಕೆಳಗಿನ ಅರ್ಧ ಪೂರ್ತಿ ಕತ್ತಲೆ. ಲೆನ್ಸ್ ತಿರುಗಿಸಿ ನೋಡಿದೆ, ಏನೂ ಸರಿಯಾಗಲಿಲ್ಲ. ಶಟರ್ ಒತ್ತಿದೆ. ಎಂದಿನ ಶಬ್ದ ಅರ್ಧಕ್ಕೇ ನಿಂತಿತು. ಆಮೇಲೆ ಏನೂ ಕಾಣಲಿಲ್ಲ.

ಲೆನ್ಸ್ ಕಳಚಿ ಒಳಗೆ ನೋಡಿದೆ. ಇಂಥ ಕ್ಯಾಮೆರಾದೊಳಗೆ ಒಂದು ಕನ್ನಡಿ ಓರೆಯಾಗಿ ನಿಂತಿರುತ್ತದೆ. ಅದರ ಮೇಲುಗಡೆ, ಚಾವಣಿಯಂತೆ, ಮಂಜು ಕವಿದ ಗಾಜಿನಂಥ ಒಂದು ಪುಟ್ಟ ಹಲಗೆ ಇರುತ್ತದೆ. ಅದೇ ಫೋಕಸಿಂಗ್ ಸ್ಕ್ರೀನ್. ಲೆನ್ಸಿನಿಂದ ಬಂದ ಚಿತ್ರ ಅದರ ಮೇಲೆ ಮೂಡಿ ನಮ್ಮ ಕಣ್ಣಿಗೆ ಕಾಣುತ್ತದೆ. ಅದನ್ನು ಹಿಡಿದಿರುವ ತೆಳುವಾದ ಲೋಹದ ಚೌಕಟ್ಟು ಮುಂದುಗಡೆ ಒಂದು ಸಣ್ಣ ಕೊಕ್ಕೆಗೆ ಸಿಕ್ಕಿಕೊಂಡಿರಬೇಕು. ಈಗ ಅದು ಕೊಕ್ಕೆಯಿಂದ ಜಾರಿ ಅರ್ಧ ಕೆಳಗಿಳಿದು ಅಲ್ಲೇ ಬಿಗಿದು ನಿಂತಿತ್ತು. ಮೇಲೇಳಲು ಹೋದ ಕನ್ನಡಿ ಅದಕ್ಕೆ ತಗುಲಿ ಸಿಕ್ಕಿಬಿದ್ದಿತ್ತು.

ಬೆರಳು ಹಾಕುವ ಧೈರ್ಯ ನನಗೆ ಬರಲಿಲ್ಲ. ಆ ಹಲಗೆಯ ಮೇಲೆ ಬೆರಳಿನ ಗುರುತು ಬಿದ್ದರೆ ಒರೆಸಿ ತೆಗೆಯಲು ಆಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾನು ಒಮ್ಮೆ ಮುಟ್ಟಿದರೆ ಆಮೇಲೆ ಎಲ್ಲಕ್ಕೂ ನಾನೇ ಕಾರಣ ಆಗುತ್ತೇನೆ ಎಂಬ ಭಯ. ಹಾಗೇ ಮುಚ್ಚಿ ವಿಠಲ ಶೆಟ್ಟರ ಬಳಿ ಒಯ್ದೆ.

"ಎಂತ ಮಾರಾಯ್ತಿ, ಬೀಳಿಸಿದ್ಯಾ?" ಅವರ ಮೊದಲ ಮಾತು ಅದೇ.

"ಇಲ್ಲ ಮಾಮ. ಕಪಾಟಿನಿಂದ ತೆಗೆಯುವಾಗಲೇ ಹೀಗಿತ್ತು."

"ಕಪಾಟಿನಲ್ಲಿ ಇದ್ದದ್ದು ತನ್ನಷ್ಟಕ್ಕೆ ಕೆಡುವುದುಂಟಾ? ಕಡೆಗೆ ಮುಟ್ಟಿದ್ದು ಯಾರು?"

ಕಡೆಗೆ ಮುಟ್ಟಿದ್ದು ನಾನೇ. ಗಣೇಶ ಚೌತಿಯ ಫೋಟೋ ತೆಗೆದು ಒಳಗಿಟ್ಟವಳು ನಾನು. ಅದನ್ನು ಹೇಳಿದೆ. ಅವರು ಸುತ್ತ ಇದ್ದವರನ್ನು ಒಮ್ಮೆ ನೋಡಿದರು. ಆ ನೋಟದ ಅರ್ಥ ಎಲ್ಲರಿಗೂ ಗೊತ್ತಾಯಿತು.

ಧಾರವಾಡದ ಕಡೆಯ ಗಂಗಕ್ಕ ನನ್ನ ಬೆನ್ನು ಸವರಿ, "ಬಿದ್ದಿದ್ರ ಬಿದ್ದದ ಅಂತ ಹೇಳಿಬಿಡವಾ ವೀಣಾ. ಯಾರೇನು ನಿನ್ನ ಗಲ್ಲಿಗೆ ಹಾಕ್ತಾರೇನು?" ಎಂದರು. ಆ ಪ್ರೀತಿ ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಅಲ್ಲೇ ಬಾಗಿಲ ಬಳಿ ಶೆಟ್ಟರ ತಂಗಿಯ ಮಗ ನಿತಿನ್ ನಿಂತಿದ್ದ. ಘೋಡಬಂದರ್ ರಸ್ತೆಯಲ್ಲಿ ಅವನದೊಂದು ಸ್ಟುಡಿಯೋ ಇತ್ತು. ಹೊಸ ಡಿಜಿಟಲ್ ಕ್ಯಾಮೆರಾ ಅವನ ಕೊರಳಲ್ಲಿ ಸದಾ ನೇತಾಡುತ್ತಿತ್ತು. ಕನ್ನಡ ಅರ್ಥವಾದರೂ ಉತ್ತರ ಕೊಡುವುದು ಹಿಂದಿಯಲ್ಲಿ. "ಮಾಮಾ, ಮೈನೆ ಬೋಲಾ ಥಾ ನಾ? ಯೇ ಡಬ್ಬಾ ಮ್ಯೂಸಿಯಂ ಮೇ ದೇ ದೋ" ಎಂದು ನಕ್ಕ. ಸಂಘ ಹೊಸ ಕ್ಯಾಮೆರಾ ಕೊಳ್ಳಬೇಕು ಎಂದು ಅವನು ಮೊದಲಿಂದಲೂ ಹೇಳುತ್ತಿದ್ದ. ಮಾವನ ಮನೆಯ ಮೊಳೆಯಲ್ಲಿ ತೂಗುವ ಕಪಾಟಿನ ಕೀ ಅವನ ಕೈಗೆ ಎಟುಕದಿರುತ್ತದೆಯೇ? ನನ್ನ ತಲೆಯಲ್ಲಿ ಲೆಕ್ಕ ಕೂಡಿತು: ಕೆಡಿಸಿದವನು ಇವನೇ.

ನನ್ನ ಪರವಾಗಿ ಮಾತಾಡಿದವರು ಶೀನಣ್ಣ ಒಬ್ಬರೇ. ಅವರು ಎಪ್ಪತ್ತು ದಾಟಿದವರು. ಠಾಣೆಯ ಹೋಟೆಲುಗಳಲ್ಲಿ ಅಡುಗೆ ಮಾಡಿ ನಿವೃತ್ತರಾದ ಮೇಲೆ ಸಂಘದ ಚಹಾ, ಪ್ರಸಾದ, ಪೂಜೆ ಎಲ್ಲ ಅವರದೇ. "ಹುಡುಗಿ ಬೀಳಿಸುವವಳಲ್ಲ ಶೆಟ್ರೆ. ಬಾಣಂತಿ ಮಗುವನ್ನು ಎತ್ತಿದ ಹಾಗೆ ಎತ್ತುತ್ತಾಳೆ ಅದನ್ನು" ಎಂದರು. ಶೆಟ್ಟರು ನನ್ನ ಮುಂದೆ ಕೈ ಚಾಚಿ, "ಕೀ ಇಲ್ಲಿ ಕೊಡು. ಬರುವ ಭಾನುವಾರ ಕಮಿಟಿ ಕೂತು ಮಾತಾಡುವ. ರಾಜ್ಯೋತ್ಸವಕ್ಕೆ ಬೇಕಾದರೆ ನಿತಿನ್ ಫೋಟೋ ತೆಗೆಯಲಿ" ಎಂದರು.

ಕೀ ಕೊಟ್ಟೆ. ಆದರೆ ಕ್ಯಾಮೆರಾವನ್ನು ರಿಪೇರಿಗೆ ನಾನೇ ಒಯ್ಯುತ್ತೇನೆ ಎಂದು ಹಟ ಹಿಡಿದೆ. ಒಳಗೆ ಏನಾಗಿದೆ ಎಂದು ತಿಳಿದವರೊಬ್ಬರು ನೋಡಿ ಹೇಳಲಿ ಎಂಬುದಷ್ಟೇ ನನ್ನ ಆಸೆ.

"ನೀನೊಬ್ಬಳೇ ಒಯ್ದು ಸರಿಮಾಡಿಸಿ ತಂದರೆ ಏನಾಗಿತ್ತು ಅಂತ ನಮಗೆ ಗೊತ್ತಾಗುವುದು ಹೇಗೆ?" ಶೆಟ್ಟರು ಬಾಗಿಲ ಕಡೆ ಕೈ ತೋರಿಸಿದರು. "ನಿತಿನ್ ಜೊತೆಗೆ ಬರಲಿ. ಶನಿವಾರ ಹೋಗಿ. ಅಲ್ಲಿಯವರೆಗೆ ಅದು ನನ್ನ ಮನೆಯಲ್ಲಿರುತ್ತದೆ."

ನಾನು ಯಾರನ್ನು ಅನುಮಾನಿಸಿದ್ದೆನೋ ಅವನೇ ನನ್ನ ಕಾವಲು!

ಆ ವಾರ ಸುದ್ದಿ ನಮ್ಮ ಬಿಲ್ಡಿಂಗಿನವರೆಗೂ ಹಬ್ಬಿತು. ತರಕಾರಿ ಮಾರ್ಕೆಟ್ಟಿನಲ್ಲಿ, ಪ್ಲಾಟ್‌ಫಾರ್ಮಿನಲ್ಲಿ, ಮೆಟ್ಟಿಲಲ್ಲಿ ಸಿಕ್ಕವರೆಲ್ಲ "ಬಿತ್ತಂತೆ?" ಎಂದು ಕೇಳುತ್ತಿದ್ದರು. ಕೇಳಿದವರಿಗೆ ಒಂದೊಂದು ಗೆರೆಯಂತೆ ದಿನಚರಿಯ ಅಂಚಿನಲ್ಲಿ ಎಳೆದಿಡುತ್ತಿದ್ದೆ. ಗುರುವಾರದ ಹೊತ್ತಿಗೆ ಹನ್ನೊಂದು ಗೆರೆ ಆಗಿದ್ದವು. ಅಂದು ಸಂಜೆ ಅಪ್ಪ ಬೇಗ ಬಂದವರು ಕೈಕಾಲು ತೊಳೆದು ನನ್ನ ಎದುರು ಕೂತರು. ದನಿ ತಗ್ಗಿಸಿ, "ನನ್ನತ್ರ ನಿಜ ಹೇಳು ಮಗಾ. ಕೈಯಿಂದ ಜಾರಿತ್ತಾ? ಸುಮ್ಮನೆ ಕೇಳಿದೆ ಅಷ್ಟೆ" ಎಂದರು.

ನಾನು "ಇಲ್ಲ" ಎಂದಷ್ಟೇ ಹೇಳಿ ಒಳಗೆ ಹೋದೆ. ಹನ್ನೆರಡನೆಯ ಗೆರೆ ಅಪ್ಪನದು. ಎಳೆಯುವಾಗ ಪೆನ್ನು ಸಿಕ್ಕಿ ಕಾಗದ ಹರಿಯಿತು.

ಆದರೂ ರಿಪೇರಿಯವನನ್ನು ಹುಡುಕಿಕೊಟ್ಟವರು ಅಪ್ಪನೇ. ಅವರ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಹಳೆಯ ಕ್ಯಾಮೆರಾ ಸರಿಮಾಡುವ ಮರಾಠಿ ಮನುಷ್ಯನೊಬ್ಬನಿದ್ದ. ಶನಿವಾರ ಮಧ್ಯಾಹ್ನ ನಾನು, ನಿತಿನ್ ಡೊಂಬಿವಲಿಯಲ್ಲಿ ಲೋಕಲ್ ಹತ್ತಿದೆವು. ನಾನು ಲೇಡೀಸ್ ಡಬ್ಬಿ, ಅವನು ಜನರಲ್. ಕ್ಯಾಮೆರಾದ ಚೀಲ ಯಾರ ಕೈಯಲ್ಲಿರಬೇಕು ಎಂಬುದಕ್ಕೇ ಪ್ಲಾಟ್‌ಫಾರ್ಮಿನಲ್ಲಿ ಜಗಳವಾಯಿತು.

"ಮಾಮಾ ನೆ ಮೇರೆ ಕೋ ದಿಯಾ ಹೈ" ಎಂದು ಅವನು ಚೀಲದ ಪಟ್ಟಿ ಬಿಡಲಿಲ್ಲ.

"ಆ ನೂಕುನುಗ್ಗಲಿನಲ್ಲಿ ಜಜ್ಜಿಹೋದರೆ ನಿನ್ನ ಮಾಮಾನಿಗೆ ನೀನು ಹೇಳ್ತೀಯಾ?" ಎಂದೆ.

ಬಿಟ್ಟ. ಠಾಣೆಯಲ್ಲಿ ಇಳಿದ ಕೂಡಲೇ ಓಡಿ ಬಂದು ಚೀಲದ ಜಿಪ್ ಎಳೆದು ಒಳಗೆ ನೋಡಿದ. ನಾನೂ ನೋಡಿದೆ, ಶೆಟ್ಟರ ಮನೆಯಲ್ಲಿ ಯಾರಾದರೂ ಅದನ್ನು ಮತ್ತೆ ಬಿಚ್ಚಿದ್ದಾರೆಯೇ ಎಂದು.

ಅಂಗಡಿಯವನು ನಮ್ಮಿಬ್ಬರಿಗಿಂತಲೂ ದೊಡ್ಡ ಸಂಶಯದ ಪ್ರಾಣಿ. ದಪ್ಪ ಕನ್ನಡಕ, ಹಣೆಗೆ ಏರಿಸಿದ ಭೂತಗನ್ನಡಿ. ಕ್ಯಾಮೆರಾ ತಿರುಗಿಸಿ ಅಡಿಯಲ್ಲಿ ಕೆತ್ತಿದ್ದ ಅಕ್ಷರ ನೋಡಿದ. "ಯೇ ಕ್ಯಾ ಲಿಖಾ ಹೈ? ಚೋರಿ ಕಾ ಮಾಲ್ ಮೈ ಛೂತಾ ನಹೀ" ಎಂದ. ಕದ್ದ ಮಾಲು ಮುಟ್ಟುವವನಲ್ಲವಂತೆ. ಅದು ಕನ್ನಡದಲ್ಲಿ ಕೆತ್ತಿದ ನಮ್ಮ ಸಂಘದ ಹೆಸರು. ಅವನು ಪೆನ್ನಿನ ತುದಿಯಿಂದ ನಿತಿನ್ ಕಡೆ ತೋರಿಸಿ, "ತೂ ಪಢ್" ಎಂದ.

"ಮೇರೆ ಕೋ ಪಢ್ನಾ ನಹೀ ಆತಾ" ಎಂದ ನಿತಿನ್.

"ನಿಮ್ಮದೇ ಸಂಘ, ನಿಮ್ಮದೇ ಭಾಷೆ, ಓದಲು ಬರುವುದಿಲ್ಲ!" ಎಂದು ಹಿಂದಿಯಲ್ಲೇ ಮೂದಲಿಸಿದ ಅಂಗಡಿಯವನ ಕಣ್ಣು ಇನ್ನಷ್ಟು ಸಣ್ಣದಾಯಿತು. ಕೊನೆಗೆ ನಾನು ಅಕ್ಷರದ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದೆ. ಅಪ್ಪನ ಹೋಟೆಲಿನ ಹೆಸರು ಹೇಳಿದ ಮೇಲೆ ಸ್ವಲ್ಪ ಮೆತ್ತಗಾದ.

ಅವನದೊಂದು ಪದ್ಧತಿ ಇತ್ತು. ಯಾವ ಕ್ಯಾಮೆರಾವನ್ನೂ ಗಿರಾಕಿಯ ಕಣ್ಣೆದುರೇ ತೆರೆಯುವುದು. ತೆರೆಯುವ ಮೊದಲು ಗಿರಾಕಿ ಒಳಗೆ ನೋಡಿ ಕಂಡದ್ದನ್ನು ಗಟ್ಟಿಯಾಗಿ ಹೇಳಬೇಕು. ಹಿಂದೆ ಯಾರೋ, ಗಾಜು ಗೀಚಿದ್ದು ನೀನೇ ಎಂದು ಅವನ ಮೇಲೆ ಹೊರಿಸಿದ್ದರಂತೆ. ಲೆನ್ಸ್ ಕಳಚಿ ದೀಪದ ಕೆಳಗೆ ಹಿಡಿದು, "ಬೋಲಾ, ಕಾಯ್ ದಿಸತಂಯ?" ಎಂದು ಕೇಳಿದ.

ನಾನು ನೋಡಿ, ಚೌಕಟ್ಟು ಜಾರಿದೆ, ಕನ್ನಡಿ ಸಿಕ್ಕಿದೆ ಎಂದೆ. ನಿತಿನ್ ಬಗ್ಗಿ ಬಹಳ ಹೊತ್ತು ನೋಡಿ, "ಉಪರ್ ಕುಛ್ ಲಾಲ್ ಹೈ" ಎಂದ.

ಸಂಘದ ಟ್ಯೂಬ್‌ಲೈಟಿನಲ್ಲಿ ನನಗೆ ಅದು ಕಂಡಿರಲಿಲ್ಲ. ಈಗ ಕಂಡಿತು. ಕೊಕ್ಕೆಯ ಸುತ್ತ ಕೆಂಪು ಪುಡಿ, ಅದರಡಿಯಲ್ಲಿ ಒಣಗಿ ಬಿರುಕು ಬಿಟ್ಟ ಹಳದಿ ಬಣ್ಣದ ಏನೋ. ತುಕ್ಕು ಎಂದುಕೊಂಡೆ. ಅಂಗಡಿಯವನೂ ಹಾಗೇ ಎಂದುಕೊಂಡು, "ಪಾನಿ ಗಯಾ ಹೈ ಅಂದರ್. ಕಿಸನೆ ಭಿಗಾಯಾ?" ಎಂದ. ಒಳಗೆ ನೀರು ಹೋಗಿದೆ, ಒದ್ದೆ ಮಾಡಿದ್ದು ಯಾರು ಎಂದು. ನಿತಿನ್ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

ಅಂಗಡಿಯವನು ಗಾಳಿಯ ರಬ್ಬರ್ ಬುಗ್ಗೆಯಿಂದ ಪುಡಿಯನ್ನು ಊದಿ ತೆಗೆದ. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಹನಿ ನೀರಿಗೆ ತಾಗಿಸಿ, ಹಲಗೆಗೆ ಸೋಕದಂತೆ ಕೊಕ್ಕೆಯ ಮೇಲೆ ಮಾತ್ರ ಒತ್ತಿ ಹಿಡಿದ. ಗಟ್ಟಿಯಾಗಿದ್ದದ್ದು ಮೆತ್ತಗಾಗುತ್ತಾ ಬಂತು. ಒಂದು ಪರಿಮಳ ಬಂದ ಹಾಗಾಯಿತು. ಚೌಕಟ್ಟು ಕೊಂಚ ಅಲುಗಿತು, ಆದರೂ ಇಳಿಯಲಿಲ್ಲ. ಹಿಂದಿನ ಕೀಲಿನಲ್ಲಿ ಏನೋ ಅಡ್ಡ ಇತ್ತು. ಚಿಮುಟ ಹಾಕಿ, ಉಸಿರು ಬಿಗಿ ಹಿಡಿದು, ಅದನ್ನು ಹೊರಗೆಳೆದು ಬಿಳಿ ಕಾಗದದ ಮೇಲೆ ಇಟ್ಟ. ಮೂವರೂ ಬಗ್ಗಿದೆವು.

ಅರಿಶಿನ ಹಚ್ಚಿದ ಅಕ್ಕಿಯ ಕಾಳು.

ಅಂಗಡಿಯವನು ಭೂತಗನ್ನಡಿ ಇಳಿಸಿ ಇನ್ನೊಮ್ಮೆ ನೋಡಿದ. "ಅಗಂ, ಹೀ ತರ ಅಕ್ಷತಾ ಆಹೇ!" ಎಂದವನೇ ಹೊಟ್ಟೆ ಹಿಡಿದು ನಗತೊಡಗಿದ. "ಕ್ಯಾಮೆರ್‍ಯಾಚಂ ಲಗ್ನ ಲಾವಲಂಸ ಕಾಯ್ ಪೋರಿ?" ಹುಡುಗೀ, ಕ್ಯಾಮೆರಾಕ್ಕೆ ಮದುವೆ ಮಾಡಿಸಿದೆಯಾ ಎಂದು ಅವನ ಪ್ರಶ್ನೆ.

ನನಗೆ ನಗು ಬರಲಿಲ್ಲ. ಪರಿಮಳ ಯಾವುದೆಂದು ಈಗ ತಿಳಿಯಿತು. ತೇಯ್ದ ಗಂಧ, ಕುಂಕುಮ, ಅಕ್ಷತೆ. ಆಯುಧ ಪೂಜೆಯ ದಿನ ನಾನು ಕಲ್ಯಾಣದ ಅತ್ತೆಯ ಮನೆಯಲ್ಲಿದ್ದೆ. ಸಂಘದಲ್ಲಿ ಪ್ರತಿವರ್ಷದಂತೆ ಶೆಟ್ಟರು ಕಪಾಟು ತೆರೆದು ಮೈಕು, ಚೆಂಡೆ, ಎಲ್ಲವನ್ನೂ ದೇವರ ಮುಂದೆ ಇರಿಸಿದ್ದರು. ಕ್ಯಾಮೆರಾವನ್ನೂ ಇರಿಸಿರಬೇಕು. ಒಂದು ವಾರ ತಲೆ ಕೆಡಿಸಿಕೊಂಡವರಲ್ಲಿ ಒಬ್ಬರಿಗೂ ಆ ದಿನ ನೆನಪಾಗಲಿಲ್ಲ. ದೇವರ ಮುಂದೆ ಇಟ್ಟದ್ದು ಅಲ್ಲೇ ಕೆಡುತ್ತದೆ ಎಂದು ಯಾರು ಯೋಚಿಸುತ್ತಾರೆ?

ಅಷ್ಟರಲ್ಲಿ ಅಂಗಡಿಯವನು ಹಲಗೆಯನ್ನು ಅದರ ಅಂಚಿನ ಪುಟ್ಟ ಕಿವಿ ಹಿಡಿದು ಹೊರತೆಗೆದು, ಊದಿ, ಮರಳಿ ಕೂಡಿಸಿ, ಚೌಕಟ್ಟನ್ನು ಮೇಲಕ್ಕೆ ಒತ್ತಿದ. "ಟಿಕ್" ಎಂದಿತು. ಕನ್ನಡಿ ತನ್ನ ಜಾಗಕ್ಕೆ ಬಂದು ಬಿತ್ತು. "ಬೋಲಾ, ಆತಾ ಕಾಯ್ ದಿಸತಂಯ?" ಎಂದ. ನಾನು ಕಣ್ಣಿಟ್ಟೆ. ಎದುರಿನ ಟೈಲರ್ ಅಂಗಡಿಯಲ್ಲಿ ಸೂಜಿಗೆ ದಾರ ಪೋಣಿಸುವುದು ಸ್ಪಷ್ಟವಾಗಿ ಕಾಣುತ್ತಿತ್ತು. ನಿತಿನ್ ಕೂಡ ಕಣ್ಣಿಟ್ಟು, "ಸಾಲಾ, ಮಸ್ತ್ ದಿಖ್ತಾ ಹೈ" ಎಂದ. ಅಕ್ಕಿಕಾಳನ್ನು ಕಾಗದದಲ್ಲಿ ಮಡಚಿ ನಾನು ಪರ್ಸಿಗೆ ಹಾಕಿಕೊಂಡೆ.

ಸ್ಟೇಷನ್ನಿಗೆ ನಡೆಯುವಾಗ ಅವನು ಹೇಳಿದ: "ಮೇರೆ ಕೋ ಲಗಾ ತೂನೇ ಗಿರಾಯಾ." ಬೀಳಿಸಿದ್ದು ನಾನೇ ಎಂದುಕೊಂಡಿದ್ದನಂತೆ.

"ನನಗೆ ನೀನೇ ಅನಿಸಿತ್ತು."

"ಮೈ? ಕಾಯಕೋ?" ಅವನು ರಸ್ತೆ ಮಧ್ಯೆ ನಿಂತುಬಿಟ್ಟ. "ಸ್ಕ್ರೂ ಖೋಲ್‌ಕೇ? ಪಾಗಲ್ ಹೈ ಕ್ಯಾ?" ನಿಜವಾಗಿಯೂ ನೋವಾಗಿತ್ತು ಅವನಿಗೆ. ಸ್ವಲ್ಪ ದೂರ ಹೋದ ಮೇಲೆ ಕೇಳಿದ, "ಶೀನಜ್ಜ ಕಾ ನಾಮ್ ಲೇಗಿ ತೂ?"

ಪೂಜೆ ಮಾಡುವವರು ಶೀನಣ್ಣ ಒಬ್ಬರೇ. ಹೆಸರು ಹೇಳಿದರೆ ನನ್ನ ಪರ ನಿಂತ ಒಬ್ಬರನ್ನು ಎಲ್ಲರೆದುರು ನಿಲ್ಲಿಸಿದ ಹಾಗೆ. ಹೇಳದಿದ್ದರೆ ಕೀ ಹೋಯಿತು, ಬೀಳಿಸಿದವಳು ಎಂಬ ಹೆಸರು ಉಳಿಯಿತು. "ಗೊತ್ತಿಲ್ಲ" ಎಂದೆ.

ಭಾನುವಾರ ಕಮಿಟಿ ಕೂತಿತು. ಅಪ್ಪ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ನಾನು ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, ಏನೂ ಮುರಿದಿಲ್ಲ, ಬಿದ್ದ ಪೆಟ್ಟೂ ಇಲ್ಲ, ಒಳಗೆ ಇದು ಸಿಕ್ಕಿತ್ತು ಎಂದು ಹೇಳಿ ಕಾಗದ ಬಿಚ್ಚಿದೆ. ಯಾರ ಹೆಸರನ್ನೂ ಎತ್ತಲಿಲ್ಲ.

ಶೆಟ್ಟರು ಕನ್ನಡಕ ಹಾಕಿ ನೋಡಿದರು. "ಅಕ್ಷತೆಯಾ? ಅದರ ಒಳಗೆ? ನೀನು ಮನೆಗೆ ಒಯ್ದು ಪೂಜೆಗೀಜೆ ಮಾಡಿದ್ಯಾ ಹೇಗೆ?"

"ಕಪಾಟಿನಲ್ಲೇ ಇತ್ತು ಮಾಮ."

"ಈ ಕಾಳು ಕ್ಯಾಮೆರಾದಿಂದಲೇ ಬಂದದ್ದು ಅಂತ ಹೇಗೆ ಹೇಳುವುದು?"

"ಮಾಮಾ, ಮೈನೆ ದೇಖಾ. ಮೇರೆ ಸಾಮನೆ ನಿಕಾಲಾ" ಎಂದ ನಿತಿನ್.

"ಓಹೋ, ನೀನೂ ಅವಳ ಕಡೆಗೆ ಹೋದೆಯಾ?"

ಕಣ್ಣಾರೆ ಕಂಡವನ ಮಾತಿಗೇ ಬೆಲೆ ಇಲ್ಲ ಎಂದ ಮೇಲೆ ಇನ್ನೇನು ತಂದು ತೋರಿಸಲಿ? ಆಗ ಚಹಾದ ತಟ್ಟೆ ಹಿಡಿದು ಒಳಬಂದ ಶೀನಣ್ಣ ಮೇಜಿನ ಮೇಲಿನ ಕಾಳನ್ನು ನೋಡಿ, "ಇದಾ? ಇದು ನಾನು ಇಟ್ಟದ್ದಲ್ಲವಾ ಮಾರ್ರೆ" ಎಂದರು.

ಎಲ್ಲರೂ ತಿರುಗಿದರು. ಅವರಿಗೆ ಏನೂ ಅನಿಸಲಿಲ್ಲ. "ಮತ್ತೆ? ಗ್ರೈಂಡರಿಗೆ ಇಡುವಾಗ ಒಳಗಿನ ಕಲ್ಲಿಗೆ ಇಡುವುದಾ, ಹೊರಗಿನ ಡ್ರಮ್ಮಿಗೆ ಇಡುವುದಾ? ಲಾರಿಗೆ ಬಾನೆಟ್ ತೆಗೆದು ಇಂಜಿನಿಗೆ ಇಡುವುದಿಲ್ಲವಾ? ಇದರದ್ದು ಕೆಲಸ ನಡೆಯುವುದು ಒಳಗೆ. ಹೊರಗೆ ಇಟ್ಟರೆ ತೊಗಲಿಗೆ ಇಟ್ಟ ಹಾಗೆ. ಹುಡುಗಿ ಗುಂಡಿ ಒತ್ತಿ ತಿರುಗಿಸುವುದನ್ನು ನೋಡಿದ್ದೆ. ಹಾಗೇ ಮುಂದಿನ ಗಾಜು ತೆಗೆದು ಒಳಗೆ ಮೇಲುಗಡೆ ಒಂದು ಬೊಟ್ಟು ಗಂಧ, ಕುಂಕುಮ, ನಾಲ್ಕು ಕಾಳು. ಕನ್ನಡಿ ಮುಟ್ಟಲಿಲ್ಲ ನಾನು. ಅಷ್ಟು ಬುದ್ಧಿ ಉಂಟು."

ಗಂಗಕ್ಕ ಮೊದಲು ನಕ್ಕರು. ಆಮೇಲೆ ಕೋಣೆಯೇ ನಕ್ಕಿತು. ಶೆಟ್ಟರು ಕಣ್ಣೊರೆಸಿಕೊಂಡು, "ಎಂತ ಶೀನಣ್ಣ ನೀವು! ಒಂದು ಮಾತು ಹೇಳಬಾರದಿತ್ತಾ?" ಎಂದರು.

"ಯಾರು ಕೇಳಿದ್ದು ನನ್ನತ್ರ? ಬಿದ್ದು ಕೆಟ್ಟದ್ದು ಅಂತ ನೀವೇ ಹೇಳ್ತಾ ಇದ್ರಿ. ಹುಡುಗಿಯತ್ರ ಕೇಳಿದ್ರಿ, ಊರಿಗೆಲ್ಲ ಕೇಳಿದ್ರಿ. ಪೂಜೆ ಮಾಡಿದವನತ್ರ ಒಬ್ಬರಾದರೂ ಕೇಳಿದ್ರಾ?" ಎಂದು ಅವರು ಚಹಾ ಹಂಚತೊಡಗಿದರು.

ಶೆಟ್ಟರು ಜೇಬಿನಿಂದ ಕೀ ತೆಗೆದು ಮೇಜಿನ ಮೇಲೆ ನನ್ನತ್ತ ಜಾರಿಸಿದರು. "ತಗೋ ಮಾರಾಯ್ತಿ. ಮುಗಿಯಿತಲ್ಲ."

ನಗು ಇನ್ನೂ ನಿಂತಿರಲಿಲ್ಲ. ನನಗೆ ಮಾತ್ರ ನಗಲಾಗಲಿಲ್ಲ. ನನ್ನ ಕೈಯಿಂದ ಆಗಿದೆ ಎಂದುಕೊಂಡಾಗ ಯಾರ ಮುಖದಲ್ಲೂ ಇಂಥ ನಗು ಇರಲಿಲ್ಲ. ಆಗ ಹಿಂದಿನ ಸಾಲಿನಿಂದ ಅಪ್ಪ ಎದ್ದು ನಿಂತರು. ಸಭೆಯಲ್ಲಿ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಕೀ ಕೊಡುವಾಗ ಹುಡುಗಿಗೆ ಒಂದು ಮಾತು ಹೇಳಿ ಕೊಡಿ ಶೆಟ್ರೆ."

"ಎಂತ ಮಾತು? ಅವಳೇ ಹಾಳು ಮಾಡಿದ್ದು ಅಂತ ನಾವು ಹೇಳಿದ್ದೆಲ್ಲಿ? ಸುಮ್ಮನೆ ಕೇಳಿದ್ದು ಅಷ್ಟೆ ಅಲ್ಲವಾ?"

ಅಪ್ಪ ಏನೋ ಹೇಳಲು ಬಾಯಿ ತೆರೆದವರು ಹಾಗೇ ನಿಂತರು. ಆಮೇಲೆ ಕೂತರು. ನಾನು ಕೀ ತೆಗೆದುಕೊಂಡೆ.

ಇಬ್ಬರೂ ನಡೆದುಕೊಂಡೇ ಮನೆಗೆ ಹೊರಟೆವು. ನಮ್ಮ ಬಿಲ್ಡಿಂಗಿನ ಗೇಟಿನ ಬಳಿ ಬಂದಾಗ ಅಪ್ಪ ನಿಂತರು. ರಸ್ತೆ ನೋಡುತ್ತಲೇ ಹೇಳಿದರು, "ಶೆಟ್ರು 'ಸುಮ್ಮನೆ ಕೇಳಿದ್ದು' ಅಂದ್ರಲ್ಲ, ಆಗ ನನಗೆ ಅವರತ್ರ ಎಂತ ಹೇಳುವುದು ಅಂತ ಗೊತ್ತಾಗಲಿಲ್ಲ. ಮೊನ್ನೆ ನಾನೂ ನಿನ್ನತ್ರ ಅದೇ ಹೇಳಿದ್ದು. ಅದು ಕೇಳಿದ್ದಲ್ಲ ಮಗಾ. ನಂಬಲಿಲ್ಲ ನಾನು."

ನಾನು "ಬಿಡಿ ಅಪ್ಪ" ಎಂದೆ. ಅವರು ತಲೆ ಅಲ್ಲಾಡಿಸಿದರು. ಬಿಡುವ ವಿಷಯ ಅಲ್ಲ ಎಂಬಂತೆ.

ಆ ವರ್ಷದ ರಾಜ್ಯೋತ್ಸವದ ಫೋಟೋ ನಾನೇ ತೆಗೆದೆ. ಶೆಟ್ಟರು ಆಮೇಲೂ ನನ್ನೊಡನೆ ಪ್ರೀತಿಯಿಂದಲೇ ಇದ್ದರು, ತಪ್ಪಾಯಿತು ಎಂಬ ಆ ಒಂದು ಮಾತನ್ನು ಮಾತ್ರ ಎಂದೂ ಹೇಳಲಿಲ್ಲ. ಈಗ ಮದುವೆಯಾಗಿ ಐರೋಲಿಗೆ ಬಂದಿದ್ದೇನೆ. ಆಫೀಸಿನಲ್ಲಿ ಏನಾದರೂ ಕೆಟ್ಟು, "ಕಡೆಗೆ ಮುಟ್ಟಿದ್ದು ಯಾರು" ಎಂಬ ಪ್ರಶ್ನೆ ಎದ್ದು ಎಲ್ಲರೂ ಒಬ್ಬರ ಕಡೆ ತಿರುಗಿದರೆ, ನನಗೆ ಇಂದಿಗೂ ಆ ಭಾನುವಾರವೇ ನೆನಪಾಗುತ್ತದೆ. ಆ ವಾರದ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಅಪ್ಪನ ಮೇಲೆ ಇದ್ದದ್ದು ಆ ಗೇಟಿನ ಬಳಿಯೇ ಮುಗಿಯಿತು. ಅಂದು ರಾತ್ರಿ ಊಟಕ್ಕೆ ಕೂತಾಗ ನಾನೇ ಅವರ ತಟ್ಟೆಗೆ ಬಡಿಸಿದೆ.